ಬ್ಯಾಕ್‌ಲಿಂಕ್ ಲೆಕ್ಕವನ್ನು ಎಷ್ಟು ನಂಬಬೇಕು? ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಕೂತು ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಬರುವವರೆಲ್ಲ ಸುತ್ತಮುತ್ತಲಿನವರೇ. ತಿಪಟೂರಿನ ಕೊಬ್ಬರಿ ವ್ಯಾಪಾರಿ, ಬಿ.ಎಚ್. ರಸ್ತೆಯ ಪಂಪ್‌ಸೆಟ್ ಅಂಗಡಿ, ದೇವರಾಯನದುರ್ಗದ ಕಡೆಯ ಹೋಂಸ್ಟೇ, ಒಂದೆರಡು ಟ್ಯೂಷನ್ ಸೆಂಟರ್. ಎಲ್ಲರ ಕೈಯಲ್ಲೂ ಯಾರೋ ಕೊಟ್ಟ ಒಂದು ರಿಪೋರ್ಟ್ ಇರುತ್ತದೆ. "ಸಾರ್, ಇಷ್ಟು ಸಾವಿರ ಬ್ಯಾಕ್‌ಲಿಂಕ್ ಅಂತೆ, ಆದ್ರೂ ಫೋನ್ ಬರ್ತಿಲ್ಲ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಬ್ಯಾಕ್‌ಲಿಂಕ್ ಅಂದರೆ ಏನು? ಅದರ ಗೊಡವೆ ನನಗ್ಯಾಕೆ?

ಬೇರೆಯವರ ವೆಬ್‌ಸೈಟ್‌ನಿಂದ ನಿಮ್ಮ ವೆಬ್‌ಸೈಟ್‌ಗೆ ಬರುವ ಲಿಂಕ್. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಗೂಗಲ್ ಕಟ್ಟಿದ್ದೇ ಈ ಯೋಚನೆಯ ಮೇಲೆ. ಲಿಂಕ್ ಅಂದರೆ ಒಂದು ಮಾತು ಒಳ್ಳೆಯದು ಹೇಳಿದ ಹಾಗೆ, ದೊಡ್ಡವರು ಹೇಳಿದರೆ ತೂಕ ಜಾಸ್ತಿ. ಈಗ ಗೂಗಲ್ ಇನ್ನೂ ನೂರೆಂಟು ವಿಷಯ ನೋಡುತ್ತದೆ. ಆದರೂ ಲಿಂಕ್ ಅದರ ಲೆಕ್ಕದಿಂದ ಹೊರಗೆ ಹೋಗಿಲ್ಲ.

ಲಿಂಕ್ ಒಳ್ಳೆಯದಾ ಅನ್ನೋದೂ, ಡೇಟಾ ಸರಿಯಾ ಅನ್ನೋದೂ ಒಂದೇ ಅಲ್ವಾ?

ಅಲ್ಲ. ಎಡವಟ್ಟು ಶುರುವಾಗುವುದೇ ಇಲ್ಲಿ. ಕೊಬ್ಬರಿ ಚೆನ್ನಾಗಿದೆಯಾ ಅನ್ನೋದು ಒಂದು ಪ್ರಶ್ನೆ. ತಕ್ಕಡಿ ಸರಿ ಇದೆಯಾ ಅನ್ನೋದು ಇನ್ನೊಂದು. ತಕ್ಕಡಿಯೇ ಕೆಟ್ಟಿದ್ದರೆ ಎಷ್ಟು ಒಳ್ಳೆ ಮಾಲು ತಂದರೂ ಲೆಕ್ಕ ಸುಳ್ಳಾಗುತ್ತದೆ. ಜನ ನೇರವಾಗಿ "ಈ ಲಿಂಕ್ ಒಳ್ಳೆಯದಾ ಕೆಟ್ಟದ್ದಾ" ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು "ಈ ಲಿಂಕ್ ನಿಜವಾಗಿ ಇದೆಯಾ?" ಅಂತ.

ಒಂದು ಟೂಲ್ 180 ಅನ್ನುತ್ತದೆ, ಇನ್ನೊಂದು 1,900 ಅನ್ನುತ್ತದೆ. ಯಾವುದು ಸುಳ್ಳು?

ಎರಡೂ ಸುಳ್ಳಲ್ಲದೆ ಇರಬಹುದು. ಎಚ್‌ರೆಫ್ಸ್, ಸೆಮ್‌ರಶ್, ಮೆಜೆಸ್ಟಿಕ್, ಮಾಜ್ ಈ ಲಿಂಕ್ ಎಣಿಸುವ ಟೂಲ್‌ನವರೆಲ್ಲ ತಮ್ಮ ತಮ್ಮ ಬಾಟ್ (ತಾನಾಗಿ ಪುಟ ಓದುವ ಪ್ರೋಗ್ರಾಂ) ಬಿಟ್ಟು ಇಂಟರ್‌ನೆಟ್ ಸುತ್ತಿಸುತ್ತಾರೆ. ಯಾರ ಹತ್ತಿರವೂ ಗೂಗಲ್‌ನ ಪಟ್ಟಿ ಇಲ್ಲ. ಒಬ್ಬರ ಬಾಟ್ ಹೋದ ಬೀದಿಗೆ ಇನ್ನೊಬ್ಬರದು ಹೋಗಿರುವುದಿಲ್ಲ. ಅದೂ ಅಲ್ಲದೆ, ಎಷ್ಟೋ ವೆಬ್‌ಸೈಟ್‌ನವರು ಸರ್ವರ್ ಮೇಲೆ ಭಾರ ಬೀಳುತ್ತದೆ ಅಂತ ಈ ಬಾಟ್‌ಗಳಿಗೆ ರೋಬೋಟ್ಸ್ ಫೈಲ್‌ನಲ್ಲಿ "ಒಳಗೆ ಬರಬೇಡಿ" ಅಂತ ಬರೆದಿರುತ್ತಾರೆ. ಗೂಗಲ್‌ಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಅಲ್ಲಿರುವ ಲಿಂಕ್ ಗೂಗಲ್‌ಗೆ ಕಾಣುತ್ತದೆ, ಟೂಲ್‌ಗೆ ಕಾಣುವುದಿಲ್ಲ.

ಇನ್ನೊಂದು ಕಾರಣ ಹಳೆಯ ಸಾಮಾನು. ಕೆಲವರು ಸತ್ತ ಲಿಂಕ್‌ಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತಾರೆ. ಮೆಜೆಸ್ಟಿಕ್‌ನಲ್ಲಂತೂ ಎರಡು ಪಟ್ಟಿಗಳೇ ಇವೆ. ಒಂದು ಇತ್ತೀಚಿನದು, ಇನ್ನೊಂದು ವರ್ಷಗಟ್ಟಲೆ ಕೂಡಿಟ್ಟ ಹಳೆಯದು. ರಿಪೋರ್ಟ್ ತೆಗೆದವರು ಯಾವುದನ್ನು ಆರಿಸಿದ್ದರು ಅಂತ ಕೇಳದೆ ಅಂಕಿ ನೋಡಿ ಪ್ರಯೋಜನವಿಲ್ಲ.

ಮೂರನೆಯದು ಎಣಿಸುವ ರೀತಿ. ಒಂದೇ ಪುಟ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಟ್ಟುಕೊಂಡು ಒಂದು ಸಲ, ಇಲ್ಲದೆ ಒಂದು ಸಲ, ಎಚ್‌ಟಿಟಿಪಿ ಅಂತ ಒಂದು ಸಲ, ಎಚ್‌ಟಿಟಿಪಿಎಸ್ ಅಂತ ಇನ್ನೊಂದು ಸಲ ಸಿಕ್ಕರೆ ಅದು ಒಂದಾ ನಾಲ್ಕಾ? ಬ್ಲಾಗ್‌ಸ್ಪಾಟ್‌ನಲ್ಲಿ ಹತ್ತು ಜನ ಬೇರೆ ಬೇರೆ ಬ್ಲಾಗ್ ಬರೆದಿದ್ದರೆ ಹತ್ತು ಸೈಟಾ, ಒಂದೇ ಸೈಟಾ? ಒಬ್ಬೊಬ್ಬರ ನಿಯಮ ಒಂದೊಂದು. ಅಂಕಿ ಬೇರೆ ಬಂದಿದ್ದು ತಪ್ಪಲ್ಲ. ಹೇಗೆ ಎಣಿಸಿದೆವು ಅಂತ ಹೇಳದಿರುವುದು ತಪ್ಪು.

ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಗೂಗಲ್ ಸರ್ಚ್ ಕನ್ಸೋಲ್‌ನಿಂದ. ದುಡ್ಡು ಬೇಕಿಲ್ಲ. ಸೈಟ್ ನಿಮ್ಮದೇ ಅಂತ ತೋರಿಸಿಕೊಟ್ಟರೆ ಸಾಕು. ಎಡಗಡೆ ಕೆಳಗೆ "ಲಿಂಕ್ಸ್" ಅಂತ ಇದೆ. ಯಾವ ಸೈಟ್‌ಗಳು ಲಿಂಕ್ ಕೊಟ್ಟಿವೆ, ನಿಮ್ಮ ಯಾವ ಪುಟಕ್ಕೆ ಕೊಟ್ಟಿವೆ, ಯಾವ ಪದದ ಮೇಲೆ ಕೊಟ್ಟಿವೆ ಅಂತ ತೋರಿಸುತ್ತದೆ. ಪರದೆ ಮೇಲಿನ ಪಟ್ಟಿ 1,000 ಸಾಲಿಗೆ ನಿಲ್ಲುತ್ತದೆ. ಎಕ್ಸ್‌ಪೋರ್ಟ್ ಒತ್ತಿದರೆ 1,00,000 ಸಾಲಿನವರೆಗೆ ಸಿಗುತ್ತದೆ. ನಮ್ಮ ಕಡೆಯ ಅಂಗಡಿಗಳಿಗೆ ಅಷ್ಟು ಬೇಕಾಗುವುದೇ ಇಲ್ಲ ಬಿಡಿ.

ಆದರೆ ಇದನ್ನೂ ವೇದವಾಕ್ಯ ಅಂದುಕೊಳ್ಳಬೇಡಿ. ಇದು ಪೂರ್ತಿ ಪಟ್ಟಿ ಅಲ್ಲ, ಮಾದರಿ ಅಂತ ಗೂಗಲ್ಲೇ ಹೇಳುತ್ತದೆ. ನೋಫಾಲೋ ಲಿಂಕ್ ("ಇದನ್ನು ನನ್ನ ಶಿಫಾರಸು ಅಂತ ಎಣಿಸಬೇಡಿ" ಅನ್ನೋ ಗುರುತು ಇರುವುದು) ಯಾವುದು, ಮಾಮೂಲಿ ಲಿಂಕ್ ಯಾವುದು ಅಂತ ಬೇರೆ ಮಾಡಿ ತೋರಿಸುವುದಿಲ್ಲ. "ಈ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ" ಅಂತ ನೀವೇ ಬರೆದುಕೊಟ್ಟಿದ್ದರೂ ಅದು ಪಟ್ಟಿಯಲ್ಲಿ ಹಾಗೇ ಕಾಣುತ್ತಿರುತ್ತದೆ. ಜತೆಗೆ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲೂ ಸೈಟ್ ಸೇರಿಸಿ. ಎಚ್‌ರೆಫ್ಸ್‌ನವರೂ ಸ್ವಂತ ಸೈಟ್ ಇರುವವರಿಗೆ ಒಂದು ಉಚಿತ ಖಾತೆ ಕೊಡುತ್ತಾರೆ. ಈ ಮೂರು ಪಟ್ಟಿ ಸೇರಿಸಿದರೆ ಸಣ್ಣ ಸೈಟ್‌ಗೆ ಧಾರಾಳವಾಯಿತು.

ರಿಪೋರ್ಟ್ ನಿಜವಾ ಸುಳ್ಳಾ ಅಂತ ನಾನೇ ಪರೀಕ್ಷೆ ಮಾಡಬಹುದಾ?

ಖಂಡಿತ. ಒಂದು ಸಂಜೆಯ ಕೆಲಸ. ನಡೆದದ್ದೇ ಹೇಳುತ್ತೇನೆ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಒಂದು ದಪ್ಪ ರಿಪೋರ್ಟ್ ಹಿಡಿದು ಬಂದರು. ಮೊದಲ ಪುಟದಲ್ಲೇ ದೊಡ್ಡಕ್ಷರದಲ್ಲಿ 3,112 ಬ್ಯಾಕ್‌ಲಿಂಕ್. ಅದನ್ನು ಕೊಟ್ಟವರ ಹೆಸರು ಇಲ್ಲಿ ಬೇಡ. ನಾನು ಎಕ್ಸೆಲ್ ಫೈಲ್ ತರಿಸಿಕೊಂಡು ಡೊಮೇನ್, ಅಂದರೆ ಸೈಟ್ ಹೆಸರಿನ ಪ್ರಕಾರ ಜೋಡಿಸಿದೆ. ಎರಡೇ ನಿಮಿಷ. 2,900 ಚಿಲ್ಲರೆ ಲಿಂಕ್ ಬಂದಿದ್ದು ಒಂದೇ ಜಾಹೀರಾತು ಸೈಟ್‌ನಿಂದ! ಆ ಸೈಟ್‌ನ ಪ್ರತಿ ಪುಟದ ಅಡಿಯಲ್ಲಿ ಇವರ ಅಂಗಡಿ ಹೆಸರು ಅಂಟಿಸಿದ್ದರು. ಒಬ್ಬನೇ ಮನುಷ್ಯ 2,900 ಸಲ ಕೈ ಎತ್ತಿದ ಹಾಗೆ. ಉಳಿದ ಇನ್ನೂರು ಚಿಲ್ಲರೆಯನ್ನು ಒಂದೊಂದಾಗಿ ತೆರೆಯುತ್ತಾ ಹೋದೆವು. ಅವರು ಪಕ್ಕದಲ್ಲೇ ಕೂತಿದ್ದರು. ಒಂದು ಪುಟ ತೆರೆಯಲೇ ಇಲ್ಲ. ಇನ್ನೊಂದು ತೆರೆಯಿತು, ಒಳಗೆ ರಮ್ಮಿ ಜೂಜಿನ ಚಿತ್ರ. ಮತ್ತೊಂದು ಪುಟ ಚೆನ್ನಾಗಿಯೇ ಇತ್ತು, ಆದರೆ ಲಿಂಕ್ ಇರಲಿಲ್ಲ, ಯಾವಾಗಲೋ ತೆಗೆದಿದ್ದರು. ಆಮೇಲೆ ಒಂದು ತೆಂಗು ಬೆಳೆಗಾರರ ಪುಟ ಬಂತು. ಬರೆದವರು ಇವರ ಹತ್ತಿರ ಮಾಲು ಕೊಟ್ಟವರೇ, ಪ್ರೀತಿಯಿಂದ ಹೆಸರು ಹಾಕಿ ಲಿಂಕ್ ಕೊಟ್ಟಿದ್ದರು. ಆದರೆ ಅದು ಹಳೆಯ ವೆಬ್‌ಸೈಟ್‌ನ ವಿಳಾಸ. ಒತ್ತಿದರೆ "ಪುಟ ಸಿಗಲಿಲ್ಲ". ಇಡೀ ಪಟ್ಟಿಯಲ್ಲಿ ಬಂಗಾರದಂಥ ಲಿಂಕ್ ಅದೊಂದು, ಅದೇ ಮುರಿದುಹೋಗಿತ್ತು. ಆ ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ಕಳಿಸುವ 301 ಅನ್ನೋ ಕಾಯಂ ದಾರಿ ಹಾಕಿದೆ. ಹತ್ತು ನಿಮಿಷದ ಕೆಲಸ. ರಿಪೋರ್ಟ್ ಕೊಟ್ಟವರಿಗೆ ಅದು ಕಂಡೇ ಇರಲಿಲ್ಲ.

ವ್ಯಾಪಾರಿ ನಕ್ಕರು. "ಮೂಟೆ ಬಾಯಿಗೆ ಒಳ್ಳೆ ಕಾಯಿ ಜೋಡಿಸೋದು ನಮ್ಮಲ್ಲೂ ಇದೆ ಸಾರ್" ಅಂದರು. ಉಂಡೆ ಕೊಬ್ಬರಿ ಕೊಳ್ಳುವವರು ಮೂಟೆ ಸುರಿಸಿ, ನಡುವಿನಿಂದ ಒಂದೆರಡು ಒಡೆದು, ಒಳಗೆ ಬೂಸ್ಟು ಹಿಡಿದಿದೆಯಾ ನೋಡಿದ ಮೇಲೇ ಬೆಲೆ ಕಟ್ಟುವುದು. ಇಲ್ಲೂ ಅಷ್ಟೇ.

ಎಷ್ಟು ಲಿಂಕ್ ತೆರೆದು ನೋಡಬೇಕು?

ನೂರು ನೋಡಿ. ಆದರೆ ಮೇಲಿನ ನೂರಲ್ಲ. ಟೂಲ್‌ಗಳು ತಮಗೆ ಚೆನ್ನಾಗಿ ಕಂಡಿದ್ದನ್ನೇ ಮೇಲೆ ಇಡುತ್ತವೆ. ಎಕ್ಸೆಲ್‌ನಲ್ಲಿ ಪಕ್ಕದ ಕಾಲಂನಲ್ಲಿ ಅಡ್ಡಾದಿಡ್ಡಿ ಅಂಕಿ ಕೊಡುವ ರ‍್ಯಾಂಡ್ ಸೂತ್ರ ಹಾಕಿ, ಅದರ ಪ್ರಕಾರ ಜೋಡಿಸಿ, ಮೊದಲ ನೂರನ್ನು ತೆಗೆದುಕೊಳ್ಳಿ. ಆಗ ಯಾವ ಲಿಂಕ್ ಬರುತ್ತದೆ ಅನ್ನೋದು ಯಾರ ಕೈಯಲ್ಲೂ ಇರುವುದಿಲ್ಲ.

ನೂರರಲ್ಲಿ 70 ಜೀವಂತ ಇದ್ದರೆ, ಇಡೀ ಪಟ್ಟಿಯಲ್ಲಿ ಸುಮಾರು ಶೇ. 61ರಿಂದ 79ರ ನಡುವೆ ಜೀವಂತ ಇವೆ ಅಂತ ಧೈರ್ಯವಾಗಿ ಹೇಳಬಹುದು. ಇದು ಚುನಾವಣಾ ಸಮೀಕ್ಷೆಯ ಲೆಕ್ಕವೇ. 400 ತೆರೆದರೆ ಆ ಅಂತರ ಅರ್ಧಕ್ಕೆ ಇಳಿಯುತ್ತದೆ. ಆದರೆ ನಾಲ್ಕು ಪಟ್ಟು ಕೆಲಸ ಮಾಡಿ ಅರ್ಧ ಸಂದೇಹ ಕಳೆದುಕೊಳ್ಳುವುದು ನಮ್ಮಂಥವರಿಗೆ ಬೇಡ.

ಪುಟ ತೆರೆದಾಗ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಬೇಡಿ. ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ, ಪುಟದ ಕೋಡ್‌ನಲ್ಲಿ ನಿಮ್ಮ ಡೊಮೇನ್ ಹೆಸರು ಹುಡುಕಿ. ಕೆಲವು ಸಲ ಲಿಂಕ್ ಅನ್ನು ಜಾವಾಸ್ಕ್ರಿಪ್ಟ್ ಆಮೇಲೆ ತಂದು ಕೂರಿಸುತ್ತದೆ. ಆಗ ಕೋಡ್‌ನಲ್ಲಿ ಸಿಗುವುದಿಲ್ಲ, ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್‌ನಲ್ಲಿ ನೋಡಬೇಕು. ಪುಟ ತೆರೆಯಿತಾ, ಲಿಂಕ್ ಇದೆಯಾ, ಯಾವ ಪದದ ಮೇಲಿದೆ, ನೋಫಾಲೋ ಇದೆಯಾ, ನಮ್ಮ ಕಡೆ ಸರಿಯಾದ ಪುಟಕ್ಕೆ ಬರುತ್ತಾ. ಇಷ್ಟು ಬರೆದುಕೊಳ್ಳಿ, ಸಾಕು.

ಟೂಲ್‌ಗೆ ಸಿಗದೇ ಉಳಿದ ಲಿಂಕ್ ಎಷ್ಟು ಅಂತ ಗೊತ್ತಾಗುತ್ತಾ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಕೇಳುವವರು ಕಡಿಮೆ.

ನಮ್ಮ ಅಮಾನಿಕೆರೆಯಲ್ಲಿ ಎಷ್ಟು ಮೀನಿದೆ ಅಂತ ಹೇಗೆ ಲೆಕ್ಕ ಹಾಕುತ್ತೀರಿ? ಕೆರೆ ಬತ್ತಿಸುವ ಹಾಗಿಲ್ಲ. ಬಲೆ ಬೀಸಿ 120 ಮೀನು ಹಿಡಿದು, ಗುರುತು ಹಾಕಿ ಬಿಟ್ಟುಬಿಡಿ. ನಾಲ್ಕು ದಿನ ಬಿಟ್ಟು ಮತ್ತೆ ಬಲೆ ಬೀಸಿ. ಈ ಸಲ 90 ಸಿಕ್ಕವು, ಅದರಲ್ಲಿ 60ಕ್ಕೆ ಗುರುತಿದೆ ಅಂದುಕೊಳ್ಳಿ. ಎರಡನೇ ಬಲೆಯ ಮೂರರಲ್ಲಿ ಎರಡು ಪಾಲು ಮೊದಲೇ ಸಿಕ್ಕವು. ಅಂದರೆ ಮೊದಲ ಬಲೆ ಕೆರೆಯ ಮೂರರಲ್ಲಿ ಎರಡು ಪಾಲು ಹಿಡಿದಿತ್ತು. 120 ಅನ್ನೋದು ಮೂರರಲ್ಲಿ ಎರಡು ಪಾಲಾದರೆ ಒಟ್ಟು 180.

ಈಗ ಮೀನಿನ ಜಾಗದಲ್ಲಿ ಲಿಂಕ್ ಕೊಟ್ಟ ಸೈಟ್ ಇಡಿ, ಬಲೆಯ ಜಾಗದಲ್ಲಿ ಟೂಲ್ ಇಡಿ. ಒಂದು ಟೂಲ್‌ಗೆ 120, ಇನ್ನೊಂದಕ್ಕೆ 90, ಎರಡಕ್ಕೂ ಸಿಕ್ಕಿದ್ದು 60. ಎರಡೂ ಸೇರಿ ನಿಮಗೆ ಕಂಡಿದ್ದು 150, ಅಂದಾಜು 180. ಹಾಗಾದರೆ ಇನ್ನೂ 30 ಎಲ್ಲೋ ಇವೆ.

ಒಂದು ಮಾತು ನೆನಪಿರಲಿ. ಎಲ್ಲ ಬಾಟ್‌ಗಳೂ ಸುಲಭವಾಗಿ ಸಿಗುವ ದೊಡ್ಡ ಸೈಟ್‌ಗಳಿಗೇ ಮೊದಲು ಹೋಗುತ್ತವೆ, ಮೂಲೆಯ ಸಣ್ಣ ಸೈಟ್ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ಈ ಲೆಕ್ಕ ಸಾಮಾನ್ಯವಾಗಿ ಕಡಿಮೆಯೇ ತೋರಿಸುತ್ತದೆ. ಇನ್ನೊಂದು, ಸತ್ತ ಸೈಟ್‌ಗಳನ್ನು ಮೊದಲು ಕಿತ್ತುಹಾಕಿ. ಇಲ್ಲದಿದ್ದರೆ ಸತ್ತ ಮೀನನ್ನೂ ಎಣಿಸಿದ ಹಾಗಾಗುತ್ತದೆ.

ಲಿಂಕ್ ಎಣಿಸಲಾ, ಸೈಟ್ ಎಣಿಸಲಾ?

ಸೈಟ್. ಕಾರಣ ಬೇಕಿದ್ದರೆ ಮೇಲಿನ 2,900 ಸಲ ಕೈ ಎತ್ತಿದವನನ್ನು ನೆನೆಸಿಕೊಳ್ಳಿ.

ನಮ್ಮ ಸೈಟ್‌ನ ಡಿಎ 12 ಅಂತೆ, ಎದುರು ಅಂಗಡಿಯದು 25. ನಾವು ಸೋತ ಹಾಗಾ?

ಡಿಎ ಅಂದರೆ ಡೊಮೇನ್ ಅಥಾರಿಟಿ. ಅದು ಮಾಜ್ ಕಂಪನಿಯವರು ಕೊಡುವ ಅಂಕ. ಎಚ್‌ರೆಫ್ಸ್‌ನವರದು ಡೊಮೇನ್ ರೇಟಿಂಗ್, ಮೆಜೆಸ್ಟಿಕ್‌ನವರದು ಟ್ರಸ್ಟ್ ಫ್ಲೋ, ಸೆಮ್‌ರಶ್‌ನವರದು ಅಥಾರಿಟಿ ಸ್ಕೋರ್. ಯಾವುದೂ ಗೂಗಲ್ ಕೊಟ್ಟ ಅಂಕ ಅಲ್ಲ, ಡೊಮೇನ್ ಅಥಾರಿಟಿಯನ್ನು ತಾನು ಬಳಸುವುದಿಲ್ಲ ಅಂತ ಗೂಗಲ್‌ನವರು ಹಲವು ಸಲ ಹೇಳಿದ್ದಾರೆ. ಈ ಅಂಕ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಥರ ಸಮನಾಗಿ ಏರುವುದೂ ಇಲ್ಲ. 10ರಿಂದ 20ಕ್ಕೆ ಹೋಗುವುದು ಸುಲಭ, 70ರಿಂದ 80ಕ್ಕೆ ಹೋಗುವುದು ಬೆಟ್ಟ ಹತ್ತಿದ ಹಾಗೆ.

ಇನ್ನೂ ಒಂದು ವಿಷಯ. ಈ ಅಂಕ ಟೂಲ್ ಕಂಡುಕೊಂಡ ಲಿಂಕ್‌ಗಳ ಮೇಲೆ ನಿಂತಿದೆ. ಟೂಲ್‌ಗೆ ನಿಮ್ಮ ಅರ್ಧ ಲಿಂಕ್ ಕಂಡೇ ಇಲ್ಲ ಅಂದರೆ ಅಂಕವೂ ಅರ್ಧಂಬರ್ಧವೇ. ಕಸದ ಲಿಂಕ್ ಸುರಿದು ಈ ಅಂಕ ಏರಿಸುವವರೂ ಇದ್ದಾರೆ. ಹಿಂದೆ ಗೂಗಲ್ಲೇ ಟೂಲ್‌ಬಾರ್‌ನಲ್ಲಿ ಪೇಜ್‌ರ‍್ಯಾಂಕ್ ಅಂತ ಹತ್ತರವರೆಗಿನ ಅಂಕ ತೋರಿಸುತ್ತಿತ್ತು. ಅದನ್ನು ನೋಡಿಕೊಂಡು ಜನ ಲಿಂಕ್ ವ್ಯಾಪಾರಕ್ಕೇ ಇಳಿದರು. 2016ರಲ್ಲಿ ಅದನ್ನು ತೆಗೆದರು. ಈಗ ಅದೇ ವ್ಯಾಪಾರ ಡಿಎ ಹೆಸರಿನಲ್ಲಿ ನಡೆಯುತ್ತಿದೆ.

ಒಂದೇ ಟೂಲ್‌ನಲ್ಲಿ, ಒಂದೇ ದಿನ, ನಿಮ್ಮದನ್ನೂ ಎದುರು ಅಂಗಡಿಯದನ್ನೂ ಪಕ್ಕಪಕ್ಕ ಇಟ್ಟು ನೋಡಲು ಇದು ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬೆಲೆ ಕೊಡಬೇಡಿ.

ಕನ್ನಡ ಪುಟಗಳಿಂದ ಬಂದ ಲಿಂಕ್ ಟೂಲ್‌ಗಳಿಗೆ ಸರಿಯಾಗಿ ಕಾಣುತ್ತಾ?

ಕಾಣುತ್ತದೆ, ಆದರೆ ಎಡವುತ್ತವೆ. ಮೂರು ಕಡೆ ನಾನೇ ನೋಡಿದ್ದೇನೆ.

ಒಂದು, ವಿಳಾಸದಲ್ಲಿ ಕನ್ನಡ ಇದ್ದಾಗ. ಕಂಪ್ಯೂಟರ್ ಕನ್ನಡದ ಪ್ರತಿ ಚಿಹ್ನೆಯನ್ನೂ ಮೂರು ಬೈಟ್ ಮಾಡುತ್ತದೆ. ವಿಳಾಸದಲ್ಲಿ ಒಂದೊಂದು ಬೈಟ್ ಪರ್ಸೆಂಟ್ ಗುರುತು ಸೇರಿ ಮೂರು ಅಕ್ಷರ ಆಗುತ್ತದೆ. "ತುಮಕೂರು" ಅನ್ನೋದರಲ್ಲಿ ಕೊಂಬುಗಳನ್ನೆಲ್ಲ ಬಿಡಿಸಿದರೆ ಏಳು ಚಿಹ್ನೆ. ಅಂದರೆ ಊರಿನ ಹೆಸರೊಂದೇ 63 ಅಕ್ಷರದ ಬಾಲ! ಕೆಲವು ಪಟ್ಟಿಗಳಲ್ಲಿ ಅದೇ ಪುಟ ಒಂದು ಸಲ ಕನ್ನಡದಲ್ಲಿ, ಇನ್ನೊಂದು ಸಲ ಈ ಬಾಲದ ಜತೆ, ಎರಡು ಲಿಂಕ್ ಅಂತ ಕೂತಿರುತ್ತದೆ. ಕೊನೆಯಲ್ಲಿ .ಭಾರತ ಇರುವ ಕನ್ನಡ ಡೊಮೇನ್‌ಗಳೂ ಹೀಗೇ ಇಂಗ್ಲಿಷ್ ಅಕ್ಷರದ ವೇಷದಲ್ಲಿ ಬರುತ್ತವೆ. ಕಸ ಅಂದುಕೊಂಡು ಅಳಿಸಿಬಿಟ್ಟೀರಿ, ಹುಷಾರು.

ಎರಡು, ಹಳೆಯ ಫಾಂಟ್. ಯೂನಿಕೋಡ್ ಬರುವ ಮೊದಲಿನ ಫಾಂಟ್‌ನಲ್ಲಿ ಮಾಡಿದ ಪುಟಗಳು ಇನ್ನೂ ಅಲ್ಲಲ್ಲಿ ಬದುಕಿವೆ. ಅಲ್ಲಿಂದ ಬಂದ ಲಿಂಕ್‌ನ ಪದ ಟೂಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಥರ ಕಾಣುತ್ತದೆ. ಯಾರೋ ವಿದೇಶದ ಸ್ಪ್ಯಾಮ್ ಮಾಡಿದ್ದಾರೆ ಅಂತ ಗಾಬರಿಯಾಗುವ ಮುಂಚೆ ಪುಟ ತೆರೆಯಿರಿ. ನಿಮ್ಮೂರಿನ ಸಂಘದ ಹಳೆಯ ಪುಟವೇ ಇರಬಹುದು.

ಮೂರು, ಊರಿನ ಹೆಸರು. 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲಿ ಟುಮ್ಕೂರ್ ಹೋಗಿ ತುಮಕೂರು ಬಂತು. ಹಳೆಯ ಲಿಂಕ್‌ಗಳಲ್ಲಿ ಹಳೆಯ ಸ್ಪೆಲಿಂಗ್, ಹೊಸದರಲ್ಲಿ ಹೊಸದು, ಕೆಲವರು ಇವತ್ತಿಗೂ ಹಳೆಯದನ್ನೇ ಬರೆಯುತ್ತಾರೆ. ಒಂದೇ ಸ್ಪೆಲಿಂಗ್ ಹಾಕಿ ಹುಡುಕಿದರೆ ಪಟ್ಟಿಯ ಒಂದು ಭಾಗ ಕೈತಪ್ಪುತ್ತದೆ.

ನೋಫಾಲೋ ಲಿಂಕ್ ದಂಡವಾ?

ಪೂರ್ತಿ ದಂಡ ಅಲ್ಲ. 2005ರಲ್ಲಿ ಕಮೆಂಟ್ ಸ್ಪ್ಯಾಮ್ ತಡೆಯಲು ಈ ಗುರುತು ತಂದರು. 2019ರಲ್ಲಿ ಗೂಗಲ್ ಇದನ್ನು ಕಟ್ಟಪ್ಪಣೆ ಅಂತ ನೋಡದೆ ಸುಳಿವು ಅಂತ ನೋಡುತ್ತೇನೆ ಅಂದಿತು. ಜತೆಗೆ ದುಡ್ಡು ಕೊಟ್ಟ ಲಿಂಕ್‌ಗೆ "ಸ್ಪಾನ್ಸರ್ಡ್", ಓದುಗರು ಹಾಕಿದ್ದಕ್ಕೆ "ಯುಜಿಸಿ" ಅಂತ ಇನ್ನೆರಡು ಗುರುತು ಬಂದವು. ಡೇಟಾ ಪರೀಕ್ಷೆಗೆ ಬೇಕಾದ್ದು ಇಷ್ಟೇ: ಟೂಲ್ ನೋಫಾಲೋ ಅಂದ ಐದಾರನ್ನು ತೆರೆದು, ಹೌದಾ ಅಂತ ನೋಡಿ.

ಟೂಲ್ "ಹೊಸ ಲಿಂಕ್" ಅಂತ ತೋರಿಸಿದ ದಿನವೇ ಲಿಂಕ್ ಬಂದ ದಿನವಾ?

ಅಲ್ಲ. ಅದು ಬಾಟ್ ಅಲ್ಲಿಗೆ ಮೊದಲು ಹೋದ ದಿನ. ಲಿಂಕ್ ಹಾಕಿ ಎರಡು ವರ್ಷ ಆಗಿರಬಹುದು. "ಹೋದ ಲಿಂಕ್" ಅನ್ನೋದೂ ಹಾಗೇ. ಬಾಟ್ ಹೋದ ಹೊತ್ತಿನಲ್ಲಿ ಆ ಸರ್ವರ್ ಮಲಗಿದ್ದರೂ ಲಿಂಕ್ ಹೋಯಿತು ಅಂತ ಬರೆದುಕೊಳ್ಳುತ್ತದೆ. ನಿಮ್ಮ ಟೂಲ್ ಎಷ್ಟು ಚುರುಕು ಅಂತ ತಿಳಿಯಬೇಕಾ? ಪರಿಚಯದವರ ಸೈಟ್‌ನಲ್ಲಿ ಹೊಸ ಲಿಂಕ್ ಬಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಟೂಲ್ ಎಷ್ಟನೇ ದಿನ ಅದನ್ನು ಹಿಡಿಯುತ್ತದೆ ಅಂತ ಕಾಯಿರಿ. ಐದಾರು ಲಿಂಕ್ ಹೀಗೆ ನೋಡಿದರೆ ಅಂದಾಜು ಸಿಗುತ್ತದೆ. ನಮ್ಮ ಜಿಲ್ಲೆಯ ಸಣ್ಣ ಸೈಟ್‌ಗಳ ವಿಷಯದಲ್ಲಿ ಕೆಲವು ಟೂಲ್‌ಗಳು ತಿಂಗಳುಗಟ್ಟಲೆ ನಿದ್ದೆ ಹೊಡೆದದ್ದು ನೋಡಿದ್ದೇನೆ.

"ಟಾಕ್ಸಿಕ್ ಲಿಂಕ್" ಅಂತ ಕೆಂಪು ಬಣ್ಣ ತೋರಿಸುತ್ತಿದೆ. ತೆಗೆಸಲಾ?

ಸುಮ್ನೆ ಇರಿ. ಈ ಲಿಂಕ್ ಸೈಟ್‌ಗೆ ಹಾನಿ ಅನ್ನೋ ಆ ಕೆಂಪು ಬಣ್ಣ ಟೂಲ್‌ನವರ ಊಹೆ. 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಲೆಕ್ಕದಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆ ಬಂದಾಗ ಕೆಟ್ಟ ಲಿಂಕ್‌ಗಳಿಂದ ಸೈಟ್‌ಗಳು ನಿಜವಾಗಿ ನೆಲ ಕಚ್ಚಿದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೇಡದ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಬರೆದುಕೊಡುವ ಡಿಸಾವೋ ಟೂಲ್ ಕೊಟ್ಟರು. 2016ರ ನಂತರ ಪೆಂಗ್ವಿನ್ ಇಂಥ ಲಿಂಕ್‌ಗಳನ್ನು ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯದೆ ಬಿಡುತ್ತದೆ. ಗೂಗಲ್‌ನಿಂದ ಅಲ್ಲಿನ ಜನರೇ ಸೈಟ್ ನೋಡಿ ಕಳಿಸುವ ಎಚ್ಚರಿಕೆ (ಮ್ಯಾನ್ಯುಯಲ್ ಆಕ್ಷನ್) ಬಂದಿದ್ದರೆ, ಅಥವಾ ಹಿಂದೆ ನೀವೇ ದುಡ್ಡು ಕೊಟ್ಟು ಲಿಂಕ್ ಕೊಂಡಿದ್ದರೆ, ಆಗ ಮಾತ್ರ ಡಿಸಾವೋ ಬಗ್ಗೆ ಯೋಚಿಸಿ. ಸರಿಯಾಗಿ ನೋಡದೆ ಪಟ್ಟಿ ಕಳಿಸಿ ಒಳ್ಳೆಯ ಲಿಂಕ್‌ಗಳನ್ನೂ ಕಳೆದುಕೊಂಡವರಿದ್ದಾರೆ.

ತಿಂಗಳಿಗೆ ಇಷ್ಟು ಕೊಟ್ಟರೆ ಸಾವಿರ ಲಿಂಕ್ ಕೊಡುತ್ತೇವೆ ಅಂತ ಫೋನ್ ಬರುತ್ತದಲ್ಲ?

ಗೂಗಲ್ ನಿಯಮದ ಪ್ರಕಾರ ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳುವುದೇ ತಪ್ಪು. ಫೋನ್ ಮಾಡಿದವರಿಗೆ ಒಂದೇ ಪ್ರಶ್ನೆ ಕೇಳಿ: "ಎಕ್ಸೆಲ್ ಫೈಲ್ ಕೊಡ್ತೀರಾ, ಪಿಡಿಎಫ್ ಮಾತ್ರನಾ?" ಪಿಡಿಎಫ್ ಮಾತ್ರ ಅಂದರೆ ಮೇಲೆ ಹೇಳಿದ ಹಾಗೆ ಜೋಡಿಸಿ ನೋಡಲು ಆಗುವುದಿಲ್ಲ, ಫೋನ್ ಇಟ್ಟುಬಿಡಿ.

ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತಾಗಿ ಕಾಣುತ್ತದೆ. ಡೇಟಾ ಹಾಳಾಗಿದೆಯಾ?

ಇಲ್ಲ, ಫೈಲ್ ಚೆನ್ನಾಗಿಯೇ ಇದೆ. ಟೂಲ್ ಕೊಡುವ ಸಿಎಸ್‌ವಿ (ಸಾದಾ ಅಕ್ಷರದ ಪಟ್ಟಿ) ಫೈಲ್ ಮೇಲೆ ಎರಡು ಸಲ ಒತ್ತಿ ತೆರೆದದ್ದೇ ತೊಂದರೆ. ಖಾಲಿ ಎಕ್ಸೆಲ್ ತೆರೆದು, "ಡೇಟಾ" ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ಫೈಲ್ ಆರಿಸಿ. ಅಕ್ಷರ ಸಂಕೇತ ಕೇಳಿದಾಗ 65001, ಯೂನಿಕೋಡ್ ಯುಟಿಎಫ್-8 ಅನ್ನೋದನ್ನು ಹಿಡಿಯಿರಿ. ಇಷ್ಟು ಕಷ್ಟ ಯಾಕೆ ಅನ್ನಿಸಿದರೆ ಗೂಗಲ್ ಶೀಟ್ಸ್‌ಗೆ ಹಾಕಿ, ಅಲ್ಲಿ ನೇರವಾಗಿ ಬರುತ್ತದೆ. ತೆರೆದ ಮೇಲೆ ಹಾಗೇ ಸೇವ್ ಒತ್ತಬೇಡಿ. ಗುರುತುಗಳು ಕಾಣುತ್ತಿರುವಾಗಲೇ ಸೇವ್ ಮಾಡಿದರೆ ಆಗ ನಿಜವಾಗಿ ಹಾಳಾಗುತ್ತದೆ, ಮತ್ತೆ ಡೌನ್‌ಲೋಡ್ ಮಾಡಬೇಕಾಗುತ್ತದೆ.